ಕಂಪನಿ ಎಂಬ ಪದದೊಳಗಿನ ರೊಟ್ಟಿ

(ಮಲೆನಾಡಿನ ಹಳ್ಳಿಯೊಂದರಲ್ಲಿ ನಡೆದ ಪರಿಸರ ಶಿಬಿರದಲ್ಲಿ ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಪರಿಸರ ಶಿಬಿರವೆಂದರೆ ಕಾಡು, ಹೊಳೆ, ಮಣ್ಣುಗಳ ಮಾತು. ನಿನ್ನೆಯಿಂದ ತಾವು ಅದನ್ನು ಸಾಕಷ್ಟು ಕೇಳಿದ್ದೀರಿ. ನಾನು ಇಂದು ಒಂದೇ ಒಂದು ಪದವನ್ನು ಕುರಿತು ಮಾತನಾಡಬೇಕೆಂದು ಬಂದಿದ್ದೇನೆ. ಅದು ಇಂಗ್ಲಿಷಿನ ವ್ಯಾಪಾರದ ಪದ. ಆದರೆ ಇಂಗ್ಲಿಷಿನ ಒಂದಕ್ಷರವನ್ನೂ ಅರಿಯದ ನಮ್ಮ ಅಜ್ಜಿಯರು ಕೂಡ ದಿನಕ್ಕೆ ಹತ್ತು ಸಲ ಆಡುವ ಪದ. "ಮಗ ಎಲ್ಲಿದ್ದಾನೆ?" ಎಂದು ಕೇಳಿದರೆ "ಬೆಂಗಳೂರಲ್ಲಿ, ಕಂಪನಿಯಲ್ಲಿದ್ದಾನೆ" ಎನ್ನುತ್ತಾರೆ. ಯಾವ ಕಂಪನಿ, ಅಲ್ಲೇನು ತಯಾರಾಗುತ್ತದೆ, ಅದರ ಒಡೆಯರು ಯಾರು ಎಂದು ನಾವೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ದೇವರು ಎಂದಷ್ಟೇ ಹೇಳಿದರೆ ಸಾಲುವಂತೆ, ಕಂಪನಿ ಎಂದರೂ ಸಾಕಾಗಿಬಿಟ್ಟಿದೆ.

ನಾನೂ ಒಂದು ಕಾಲಕ್ಕೆ ಹಾಗೆಯೇ "ಕಂಪನಿಯಲ್ಲಿದ್ದವನು". ಐ.ಟಿ.ಐ. ಮುಗಿಸಿ, ಟ್ರಂಕು ಹೊತ್ತು ಪೀಣ್ಯಕ್ಕೆ ಹೋದೆ. ಹನ್ನೊಂದು ವರ್ಷ ಲೇತ್ ಯಂತ್ರದ ಮುಂದೆ ನಿಂತೆ. ಅಲ್ಲಿಂದ ಮರಳಿ ಬಂದ ಮೇಲೆ, ಅಷ್ಟು ವರ್ಷ ಅನ್ನ ಕೊಟ್ಟ ಆ ಪದದ ಅರ್ಥವೇನೆಂದು ತಿಳಿಯುವ ಕುತೂಹಲ ಹುಟ್ಟಿತು. ತಿಳಿದಾಗ ಆಶ್ಚರ್ಯವಾಯಿತು. ಅದನ್ನೇ ತಮ್ಮೊಡನೆ ಹಂಚಿಕೊಳ್ಳುತ್ತೇನೆ.

ಪದದ ಮೂಲ

ಕಂಪನಿ ಎಂಬುದರ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಅದರಲ್ಲಿ ಎರಡು ತುಂಡುಗಳಿವೆ. "ಕಾಮ್" ಎಂದರೆ ಜೊತೆಯಲ್ಲಿ. "ಪಾನಿಸ್" ಎಂದರೆ ರೊಟ್ಟಿ. ಎರಡೂ ಸೇರಿ "ಕಂಪಾನಿಯೋ" ಆಯಿತು: ಜೊತೆಯಲ್ಲಿ ರೊಟ್ಟಿ ತಿನ್ನುವವನು, ಒಡನುಣ್ಣುವವನು. ಸುಮಾರು ಆರನೆಯ ಶತಮಾನದಲ್ಲಿ ಫ್ರಾಂಕ್ ಜನರು ತಮ್ಮ ಕಟ್ಟಳೆಗಳನ್ನು ಲ್ಯಾಟಿನ್ನಿನಲ್ಲಿ ಬರೆಸಿದರು. ಸಾಲಿಕ್ ಕಾನೂನು ಎಂದು ಅದಕ್ಕೆ ಹೆಸರು. ಈ ಪದ ಮೊದಲಿಗೆ ಕಾಣಿಸುವ ಬರಹಗಳಲ್ಲಿ ಅದೂ ಒಂದು. ಒಂದೇ ರೊಟ್ಟಿಯನ್ನು ಮುರಿದು ತಿನ್ನುವ ಸಂಗಡಿಗ ಎಂಬರ್ಥದ ಪದವೊಂದು ಜರ್ಮನ್ ಕುಲದ ಭಾಷೆಗಳಲ್ಲಿ ಮೊದಲೇ ಇತ್ತು, ಅದರ ಮಾದರಿಯಲ್ಲೇ ಲ್ಯಾಟಿನ್ ಪದ ಹುಟ್ಟಿರಬೇಕು ಎಂಬುದು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಅಲ್ಲಿಂದ ಹಳೆಯ ಫ್ರೆಂಚಿಗೆ, ಫ್ರೆಂಚಿನಿಂದ ಇಂಗ್ಲಿಷಿಗೆ ಅದು ಬಂತು. ಸೈನ್ಯದಲ್ಲಿ ಒಂದು ತುಕಡಿಗೆ ಈಗಲೂ ಕಂಪನಿ ಎಂಬ ಹೆಸರಿದೆ.

ಈ ಪಾನಿಸ್ ಎಂಬುದು ನಮಗೆ ತೀರ ಅಪರಿಚಿತವೂ ಅಲ್ಲ. ಅದೇ ಪದ ಪೋರ್ಚುಗೀಸರ ಬಾಯಲ್ಲಿ ಸವೆದು ಗೋವೆಗೆ ಬಂದು "ಪಾವ್" ಆಯಿತು. ಪೇಟೆಯಲ್ಲಿ ನೀವು ತಿನ್ನುವ ಪಾವ್ ಭಾಜಿಯ ಪಾವ್ ಮತ್ತು ನಿಮ್ಮ ಅಣ್ಣ ದುಡಿಯುವ ಕಂಪನಿಯ "ಪನಿ", ಇವೆರಡೂ ಒಂದೇ ಹಿಟ್ಟಿನಿಂದ ಆದವು.

ಕನ್ನಡದಲ್ಲಿ ಈ ಪದ ಮೂರು ದಾರಿಗಳಲ್ಲಿ ಬಳಕೆಗೆ ಬಂದಿದೆ. "ಸಂತೆಗೆ ಹೊರಟಿದ್ದೇನೆ, ಸ್ವಲ್ಪ ಕಂಪನಿ ಕೊಡು ಮಾರಾಯ" ಎನ್ನುತ್ತೇವೆ. ಇದು ಮೂಲಕ್ಕೆ ಹತ್ತಿರವಾದ ಅರ್ಥ. ಎರಡನೆಯದು ನಾಟಕ ಕಂಪನಿ. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯಿಂದ ಮೊದಲ್ಗೊಂಡು ಎಷ್ಟೋ ಕಂಪನಿಗಳು ಊರೂರು ತಿರುಗಿದವು. ರಾಜನ ಪಾತ್ರಧಾರಿಯೂ ಪರದೆ ಎಳೆಯುವವನೂ ಕಂಪನಿಯ ಅಡುಗೆಯನ್ನೇ ಉಂಡು, ಒಂದೇ ಬಿಡಾರದಲ್ಲಿ ಮಲಗುತ್ತಿದ್ದ ಬದುಕು ಅದು. ಅಲ್ಲಿಯೂ ಹೆಚ್ಚು ಸಂಬಳ, ಕಡಿಮೆ ಸಂಬಳ ಇದ್ದವು, ಜಗಳವೂ ಇತ್ತು. ಆದರೆ ಒಲೆ ಒಂದೇ. ಮೂರನೆಯದು ನಮ್ಮ ಹಿರಿಯರು ಭಯದಿಂದಲೂ ಸಿಟ್ಟಿನಿಂದಲೂ ಉಚ್ಚರಿಸಿದ "ಕುಂಪಣಿ". ಲಾವಣಿಗಳಲ್ಲಿ ಬರುವ ಕುಂಪಣಿ ಸರ್ಕಾರ. ರೊಟ್ಟಿ ಹಂಚಿ ತಿನ್ನುವ ಗೆಳೆಯ ಎಂಬ ಪದವು ದೇಶವನ್ನೇ ನುಂಗುವ ಸರ್ಕಾರದ ಹೆಸರಾದದ್ದು ಹೇಗೆ? ಇದೇ ನಾನು ಹೇಳಬೇಕಾದ ಕಥೆ.

ಪಂಕ್ತಿ ಕಿರಿದಾದ ಬಗೆ

ಇಟಲಿಯ ಫ್ಲಾರೆನ್ಸ್ ನಗರದ ವರ್ತಕ ಮನೆತನಗಳು ಹದಿಮೂರು, ಹದಿನಾಲ್ಕನೆಯ ಶತಮಾನಗಳಲ್ಲಿ ಕೂಡಿ ವ್ಯಾಪಾರ ಮಾಡಿ, ಅಂಥ ಕೂಟವನ್ನು ಇದೇ ಪದದಿಂದ ಕರೆದುಕೊಂಡವು. ಒಂದೇ ಮನೆಯವರು, ಒಂದೇ ರೊಟ್ಟಿ ತಿನ್ನುವವರು ಎಂಬುದು ಅಲ್ಲಿ ಅಕ್ಷರಶಃ ನಿಜವಾಗಿತ್ತು. ಲಾಭ ಬಂದರೆ ಹಂಚಿಕೊಂಡರು. ನಷ್ಟವಾದರೆ ಪ್ರತಿಯೊಬ್ಬ ಪಾಲುದಾರನೂ ತನ್ನ ಮನೆ, ಹೊಲ, ಒಡವೆಗಳನ್ನು ಮಾರಿಯಾದರೂ ಸಾಲ ತೀರಿಸಬೇಕಾಗಿತ್ತು. 1340ರ ದಶಕದಲ್ಲಿ ಬಾರ್ಡಿ ಮತ್ತು ಪೆರುಜ್ಜಿ ಎಂಬ ಎರಡು ದೊಡ್ಡ ಮನೆತನಗಳ ಕಂಪನಿಗಳು ದಿವಾಳಿಯಾದವು. ಒಡನುಂಡವರು ಒಡನೆಯೇ ಉಪವಾಸ ಬಿದ್ದರು.

1600ರ ಡಿಸೆಂಬರ್ 31ರಂದು ಇಂಗ್ಲೆಂಡಿನ ರಾಣಿ ಎಲಿಜಬೆತ್ ಲಂಡನ್ನಿನ ವರ್ತಕರಿಗೆ ಪೂರ್ವದೇಶಗಳೊಡನೆ ವ್ಯಾಪಾರ ಮಾಡುವ ಸನ್ನದು ಕೊಟ್ಟಳು. ಎರಡು ವರ್ಷಗಳ ಬಳಿಕ, 1602ರಲ್ಲಿ, ಡಚ್ಚರ ಕಂಪನಿ ಹುಟ್ಟಿತು. ಇವುಗಳಲ್ಲಿ ಹಣ ಹೂಡಿದವರು ಒಂದೇ ಮನೆಯವರಾಗಿರಲಿಲ್ಲ. ಬರಬರುತ್ತ ಅವರು ಒಬ್ಬರನ್ನೊಬ್ಬರು ನೋಡಿದವರೂ ಆಗಿರಲಿಲ್ಲ. ಅವರನ್ನು ಒಂದುಗೂಡಿಸಿದ್ದು ಪಾಲಿನ ಪತ್ರ, ಅಂದರೆ ಷೇರು. ಆ ಪದದ ಹಳೆಯ ಅರ್ಥ ಕತ್ತರಿಸಿದ ತುಂಡು ಎಂದು. ನೇಗಿಲ ಗುಳಕ್ಕೆ ಇಂಗ್ಲಿಷಿನಲ್ಲಿರುವ ಹೆಸರೂ ಅದೇ ಬೇರಿನದು. ರೊಟ್ಟಿಯನ್ನು ಜೊತೆಯಲ್ಲಿ ಕುಳಿತು ತಿನ್ನುವುದು ಹೋಗಿ, ತುಂಡು ಮಾಡಿ ಅವರವರ ಮನೆಗೆ ಕಳಿಸುವುದು ಬಂತು.

ಆ ರೊಟ್ಟಿಯ ಹಿಟ್ಟು ಎಲ್ಲಿಯದು ಎಂಬುದನ್ನು ನಮ್ಮ ನಾಡು ಬೇಗನೆ ಕಲಿತುಕೊಂಡಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಸೀಮೆ ಕುಂಪಣಿಗೆ ಸೇರಿತು. ಪಶ್ಚಿಮ ಕರಾವಳಿಯ ಸಾಗುವಾನಿ ಹಡಗು ಕಟ್ಟಲು ಬೇಕೆಂದು 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬ ಅಧಿಕಾರಿಯನ್ನು ಅರಣ್ಯ ಸಂರಕ್ಷಕನೆಂದು ಕುಂಪಣಿ ನೇಮಿಸಿತು. "ಸಂರಕ್ಷಕ" ಎಂಬ ಪದದ ಕಥೆಯನ್ನು ಇನ್ನೊಂದು ದಿನಕ್ಕೆ ಇಡೋಣ. 1834ರಲ್ಲಿ ಕೊಡಗು ಕುಂಪಣಿಯ ಕೈಸೇರಿತು. 1837ರಲ್ಲಿ ಸುಳ್ಯ, ಪುತ್ತೂರು ಕಡೆಯ ರೈತರು ದಂಗೆಯೆದ್ದು ಮಂಗಳೂರಿನವರೆಗೆ ನಡೆದರು. 1857ರಲ್ಲಿ ಹಲಗಲಿಯ ಬೇಡರು ಆಯುಧ ಒಪ್ಪಿಸಲಾರೆವೆಂದು ನಿಂತರು. 1858ರಲ್ಲಿ ಕುಂಪಣಿಯ ಆಳ್ವಿಕೆ ಮುಗಿದು ರಾಣಿಯ ಆಳ್ವಿಕೆ ಬಂತು; 1874ರಲ್ಲಿ ಕುಂಪಣಿಯೇ ವಿಸರ್ಜನೆಯಾಯಿತು.

ಆ ಒಂದು ಕಂಪನಿ ಹೋಯಿತು, ಆದರೆ ಕಂಪನಿ ಎಂಬ ಏರ್ಪಾಡು ಮತ್ತಷ್ಟು ಬಲವಾಯಿತು. 1855ರಲ್ಲಿ ಬ್ರಿಟನ್ನಿನಲ್ಲಿ ಒಂದು ಕಾನೂನು ಬಂತು. ಕಂಪನಿ ಮುಳುಗಿದರೆ ಪಾಲುದಾರನು ತಾನು ಹೂಡಿದ ಹಣವನ್ನಷ್ಟೇ ಕಳೆದುಕೊಳ್ಳುತ್ತಾನೆ, ಅವನ ಮನೆ ಹೊಲಗಳನ್ನು ಸಾಲಗಾರರು ಮುಟ್ಟುವಂತಿಲ್ಲ ಎಂಬುದು ಅದರ ಸಾರ. ಹೊಣೆಗೊಂದು ಮಿತಿ. ಇಂಥ ಕಂಪನಿಯೊಡನೆ ವ್ಯವಹರಿಸುವವರು ಎಚ್ಚರದಿಂದಿರಲಿ ಎಂದು ಅದರ ಹೆಸರಿನ ಕೊನೆಗೆ "ಲಿಮಿಟೆಡ್" ಎಂದು ಸೇರಿಸುವುದನ್ನು ಕಡ್ಡಾಯ ಮಾಡಿದರು. ಹೌದು, ನಾವು ಬೋರ್ಡಿನ ಮೇಲೆ ಗೌರವದ ಬಿರುದೆಂಬಂತೆ ಓದುವ ಆ ಪದ, ಎಚ್ಚರಿಕೆಯ ಫಲಕವಾಗಿ ಹುಟ್ಟಿದ್ದು. ಭಾರತಕ್ಕೆ ಈ ಕಾನೂನು 1857ರಲ್ಲಿ ಬಂತು. ಹಲಗಲಿಯಲ್ಲಿ ಬೇಡರು ಕುಂಪಣಿಯ ವಿರುದ್ಧ ನಿಂತ ಅದೇ ವರ್ಷ, ಮುಂದಿನ ಎಲ್ಲ ಕಂಪನಿಗಳಿಗೆ ಬೇಕಾದ ರಕ್ಷಾಕವಚ ಕಾಗದದ ಮೇಲೆ ಸಿದ್ಧವಾಯಿತು.

1897ರಲ್ಲಿ ಸಾಲಮನ್ ಎಂಬ ಬೂಟು ತಯಾರಕನ ಮೊಕದ್ದಮೆಯಲ್ಲಿ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವು ಕಂಪನಿ ಬೇರೆ, ಅದನ್ನು ಕಟ್ಟಿದವನು ಬೇರೆ ಎಂದು ಸ್ಪಷ್ಟವಾಗಿ ತೀರ್ಮಾನಿಸಿತು. ಕಾನೂನಿನ ಕಣ್ಣಲ್ಲಿ ಕಂಪನಿಯೇ ಒಬ್ಬ ವ್ಯಕ್ತಿ. ಅದು ಜಮೀನು ಕೊಳ್ಳಬಹುದು, ದಾವೆ ಹೂಡಬಹುದು. ಸದಸ್ಯರು ಸತ್ತರೂ ಅದು ಸಾಯುವುದಿಲ್ಲ. ಹೀಗೆ, ಜೊತೆಯಲ್ಲಿ ರೊಟ್ಟಿ ತಿನ್ನುವವರ ಹೆಸರು ಕೊನೆಗೆ ಹೊಟ್ಟೆಯೇ ಇಲ್ಲದ ಒಬ್ಬ ವ್ಯಕ್ತಿಗೆ ಸಂದಿತು. ಹೊಟ್ಟೆಯಿಲ್ಲದವನಿಗೆ ಹಸಿವಿಲ್ಲ, ಆದರೆ ಸಾಕು ಎನ್ನುವುದೂ ಅವನಿಗೆ ತಿಳಿಯದು.

ಪೀಣ್ಯದ ಬುತ್ತಿ

ಇನ್ನು ನಾನು ಕಂಡದ್ದನ್ನು ಹೇಳುತ್ತೇನೆ.

ಬೆಂಗಳೂರಿನ ಸುತ್ತಲಿನ ಕೈಗಾರಿಕಾ ಪಟ್ಟಿಗಳು ಮೂರು ಬಗೆಯಲ್ಲಿ ಹುಟ್ಟಿದವು. ಜಾಲಹಳ್ಳಿಯಲ್ಲಿ 1950ರ ದಶಕದಲ್ಲಿ ಎಚ್.ಎಂ.ಟಿ. ಬಂತು, ಅಲ್ಲಿಗೆ ಹತ್ತಿರದ ಪೀಣ್ಯದಲ್ಲಿ 1970ರ ದಶಕದಲ್ಲಿ ಸಣ್ಣ ಕೈಗಾರಿಕೆಗಳ ವಸಾಹತು ಬೆಳೆಯಿತು. ದಕ್ಷಿಣದಲ್ಲಿ, 1976ರಲ್ಲಿ ಸ್ಥಾಪನೆಯಾದ ಕಿಯೋನಿಕ್ಸ್ ಸಂಸ್ಥೆಯ ಮುಖ್ಯಸ್ಥ ಆರ್.ಕೆ. ಬಾಳಿಗರ ಯೋಜನೆಯಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಎದ್ದಿತು. ಪೂರ್ವದ ವೈಟ್‌ಫೀಲ್ಡಿನ ಕಥೆ ಇನ್ನೂ ಹಳೆಯದು. 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ ಜನರ ಸಂಘಕ್ಕೆ ಸುಮಾರು 3,900 ಎಕರೆ ಭೂಮಿ ನೀಡಿದರು. ಬೇಸಾಯ ಮಾಡಿ ತಮ್ಮ ಅನ್ನವನ್ನು ತಾವೇ ಬೆಳೆದುಕೊಳ್ಳುವ ಊರಾಗಲಿ ಎಂಬುದು ಆಗಿನ ಉದ್ದೇಶ. ಸಂಘವನ್ನು ಕಟ್ಟಿದ ಡಿ.ಎಸ್. ವೈಟ್ ಅವರ ಹೆಸರೇ ಊರಿಗೆ ನಿಂತಿತು. 1990ರ ದಶಕದಲ್ಲಿ ಅಲ್ಲಿ ಐ.ಟಿ. ಪಾರ್ಕ್ ಬಂದ ನಂತರ ಹೊಲಗಳ ನೆನಪೂ ಉಳಿಯಲಿಲ್ಲ.

ನಾನು ಸೇರಿದ್ದು ಪೀಣ್ಯದ ಒಂದು ಸಣ್ಣ ಷೆಡ್ಡಿಗೆ. ಹದಿನಾಲ್ಕು ಜನ ಕೆಲಸಗಾರರು. ದೊಡ್ಡ ಕಾರ್ಖಾನೆಯೊಂದಕ್ಕೆ ಬೇಕಾದ ಬಿಡಿಭಾಗಗಳನ್ನು ಕಡೆದು ಕೊಡುವುದು ನಮ್ಮ ಕೆಲಸ. ಮಾಲೀಕರೂ ಒಂದು ಕಾಲಕ್ಕೆ ಲೇತ್ ಹಿಡಿದವರೇ. ಮಧ್ಯಾಹ್ನ ಒಂದು ಗಂಟೆಗೆ ಯಂತ್ರಗಳು ನಿಲ್ಲುತ್ತಿದ್ದವು. ನೆಲದ ಮೇಲೆ ಗೋಣಿಚೀಲ ಹಾಸಿ ಎಲ್ಲರೂ ಬುತ್ತಿ ಬಿಚ್ಚುತ್ತಿದ್ದೆವು. ಬಾಗಲಕೋಟೆಯವನ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮಾಗಡಿಯವರ ಮುದ್ದೆ, ಸೊಪ್ಪಿನ ಸಾರು, ನನ್ನ ಅಕ್ಕಿರೊಟ್ಟಿ, ತಮಿಳುನಾಡಿನ ಒಬ್ಬರ ಪುಳಿಯೋಗರೆ. ಮಾಲೀಕರು ತಮ್ಮ ಡಬ್ಬಿ ತಂದು ನಡುವೆ ಕೂರುತ್ತಿದ್ದರು. ಕಂಪನಿ ಎಂಬ ಪದದ ಅರ್ಥ ಆಗ ನನಗೆ ತಿಳಿದಿರಲಿಲ್ಲ. ಆದರೆ ನಾವು ಹದಿನೈದು ಜನ ಆ ಗೋಣಿಯ ಮೇಲೆ ಆ ಅರ್ಥದಲ್ಲೇ ಕುಳಿತಿದ್ದೆವು.

ಕೆಲಸ ಹೆಚ್ಚಿತು. ಮಾಲೀಕರು ಪಕ್ಕದ ಷೆಡ್ಡನ್ನೂ ಹಿಡಿದರು. ಹೊರಗೆ ಹೊಸ ಬೋರ್ಡು ಬಂತು. ಹೆಸರಿನ ತುದಿಗೆ ಪ್ರೈವೇಟ್ ಲಿಮಿಟೆಡ್. ಒಳಗೆ ಗಾಜಿನ ಬಾಗಿಲಿನ ಒಂದು ಕ್ಯಾಬಿನ್ ಬಂತು, ಅವರ ಊಟ ಅಲ್ಲಿಗೆ ಹೋಯಿತು. ಹೊಸದಾಗಿ ಬಂದ ಹುಡುಗರು ಗುತ್ತಿಗೆದಾರನ ಕಡೆಯವರು. ಅವರಿಗೆ ಊಟದ ಹೊತ್ತೂ ಬೇರೆ, ಹಾಜರಿ ಪುಸ್ತಕವೂ ಬೇರೆ. ಒಂದು ರಾತ್ರಿ ಪಾಳಿಯಲ್ಲಿ ಅವರಲ್ಲೊಬ್ಬನ ಎರಡು ಬೆರಳು ಪವರ್ ಪ್ರೆಸ್ಸಿಗೆ ಸಿಕ್ಕವು. ಅವನು ನಮ್ಮ ಕಂಪನಿಯವನಲ್ಲ ಎಂದು ಕಂಪನಿ ಹೇಳಿತು. ನಮ್ಮ ಯಂತ್ರದಲ್ಲೇ ಬೆರಳು ಕಳೆದುಕೊಂಡವನು ನಮ್ಮವನಲ್ಲವೆಂಬ ಮಾತನ್ನು ನಾವು ಹಳಬರು ಸುಮ್ಮನೆ ಕೇಳಿಸಿಕೊಂಡೆವು. ಆ ಮೌನ ನನ್ನನ್ನು ಈಗಲೂ ಚುಚ್ಚುತ್ತದೆ.

ಕೆಲವು ವರ್ಷಗಳ ನಂತರ ದೊಡ್ಡ ಗ್ರಾಹಕರಿಂದ ಹಣ ಬರುವುದು ನಿಂತು, ಒಂದು ಸೋಮವಾರ ಬೀಗ ಬಿತ್ತು. ಮೂರು ತಿಂಗಳ ಸಂಬಳ ಬಾಕಿ. ಮಾಲೀಕರ ಮನೆಗೆ ಹೋದೆವು. ಅವರು ನಮ್ಮನ್ನು ಕೂರಿಸಿ ಕಾಫಿ ಕೊಟ್ಟು, "ನಾನೇನು ಮಾಡಲಿ, ಸಾಲ ಕಂಪನಿಯದು, ನನ್ನದಲ್ಲ" ಎಂದರು. ಸುಳ್ಳು ಹೇಳಿದರೆಂದು ನಾನು ಹೇಳಲಾರೆ. ಕಾನೂನು ಅವರಿಗೆ ಹಾಗೆ ಹೇಳುವ ಅವಕಾಶ ಕೊಟ್ಟಿತ್ತು. ಅವರ ಹೊಣೆಗೆ ಮಿತಿಯಿತ್ತು. ನಮ್ಮ ಬಾಡಿಗೆಗೆ, ರೇಷನ್ ಅಂಗಡಿಯ ಸಾಲಕ್ಕೆ, ಬೆರಳು ಹೋದ ಹುಡುಗನ ಉಳಿದ ಆಯುಷ್ಯಕ್ಕೆ ಯಾವ ಮಿತಿಯೂ ಇರಲಿಲ್ಲ. ಲಿಮಿಟೆಡ್ ಎಂಬುದರ ಅರ್ಥ ನನಗೆ ತಿಳಿದದ್ದು ಅಂದು, ಆ ಕಾಫಿ ಲೋಟ ಹಿಡಿದುಕೊಂಡು.

ಇದು ನನ್ನೊಬ್ಬನ ಕಥೆಯೂ ಅಲ್ಲ. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯನಿಧಿಯ ನಿಯಮವನ್ನು ಬದಲಾಯಿಸಿತು. ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಿತು. ಏಪ್ರಿಲ್ 18ರಂದು ಹೊಸೂರು ರಸ್ತೆಯಲ್ಲಿ, ಮರುದಿನ ಪೀಣ್ಯ, ಜಾಲಹಳ್ಳಿಯ ಕಡೆಯಲ್ಲೂ ಗಾರ್ಮೆಂಟ್ಸ್ ಕಾರ್ಮಿಕರು ರಸ್ತೆಗಿಳಿದರು. ಬಹುಪಾಲು ಹೆಣ್ಣುಮಕ್ಕಳು. ದೊಡ್ಡ ನಾಯಕರ ಕರೆ ಇರಲಿಲ್ಲ. ಲಾಠಿ ಬೀಸಿತು, ಕಲ್ಲುಗಳೂ ತೂರಿದವು. ಏಪ್ರಿಲ್ 19ರಂದು ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಆ ಹೆಣ್ಣುಮಕ್ಕಳು ಕೇಳಿದ್ದು ದಾನವನ್ನಲ್ಲ. ತಾವು ಹೊಲಿದ ಬಟ್ಟೆಯ ಲಾಭದಲ್ಲಿ ತಮಗೆಂದು ಎತ್ತಿಟ್ಟ ರೊಟ್ಟಿಯ ಚೂರನ್ನು, ತಮಗೆ ಹಸಿವಾದಾಗ ತಿನ್ನುವ ಹಕ್ಕನ್ನು.

ಪಂಕ್ತಿಯ ಹೊರಗೆ ನಿಂತವರು

ಇಷ್ಟರವರೆಗೆ ಮನುಷ್ಯರ ಮಾತಾಯಿತು. ಈ ಬೆಟ್ಟದ ಮೇಲೆ ಕುಳಿತು ಬೆಂಗಳೂರಿನ ಕಂಪನಿಯನ್ನು ಕುರಿತು ಏಕೆ ಚಿಂತಿಸಬೇಕು ಎಂದು ಹಿರಿಯರಿಗೆ ಅನಿಸಿರಬಹುದು. ಅದಕ್ಕೆ ಉತ್ತರವನ್ನು ಹೊಳೆಯೇ ಹೇಳುತ್ತದೆ.

ಮೂಡಿಗೆರೆಯ ಬೆಟ್ಟಗಳಲ್ಲಿ ಹುಟ್ಟುವ ಹೇಮಾವತಿ, ಕೊಡಗಿನ ಕಾವೇರಿ, ಎರಡೂ ಕೃಷ್ಣರಾಜಸಾಗರದಲ್ಲಿ ಕೂಡುತ್ತವೆ. ಅಲ್ಲಿಂದ ಹರಿದು ಬಂದ ನೀರನ್ನು ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಳಿಸಿ, ಸುಮಾರು 100 ಕಿಲೋಮೀಟರ್ ದೂರಕ್ಕೆ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ಬೆಂಗಳೂರಿಗೆ ಒಯ್ಯುತ್ತಾರೆ. 2007ರಲ್ಲಿ ಮಹಾನಗರಕ್ಕೆ ಸೇರಿದ ಹೊರವಲಯದ 110 ಹಳ್ಳಿಗಳು ಬಹುಕಾಲ ಕೊಳವೆಬಾವಿ, ಟ್ಯಾಂಕರುಗಳನ್ನೇ ನಂಬಿದ್ದವು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ವೈಟ್‌ಫೀಲ್ಡಿನ ಎತ್ತರದ ವಸತಿ ಸಮುಚ್ಚಯಗಳೂ ಟ್ಯಾಂಕರಿನ ದಾರಿ ಕಾಯಬೇಕಾಯಿತು. ಅದೇ ವರ್ಷ ಅಕ್ಟೋಬರ್ 16ರಂದು ಕಾವೇರಿ ಐದನೆಯ ಹಂತಕ್ಕೆ ಚಾಲನೆ ದೊರೆಯಿತು, ದಿನಕ್ಕೆ 77.5 ಕೋಟಿ ಲೀಟರ್ ನೀರು ಆ ಹಳ್ಳಿಗಳಿಗೆಂದು ಹೊರಟಿತು. ನೀರು ಕುಡಿಯುವವರ ಮೇಲೆ ನನಗೆ ಯಾವ ಮುನಿಸೂ ಇಲ್ಲ. ಅವರು ನಮ್ಮ ಮಕ್ಕಳೇ. ಆದರೆ ನಮ್ಮ ಶೋಲಾ ಕಾಡು, ಹುಲ್ಲುಗಾವಲು ಹಿಡಿದಿಟ್ಟು ಬಿಟ್ಟ ನೀರು ಆ ಕಂಪನಿಗಳ ಅಡುಗೆಮನೆಯ ಮೊದಲ ಸಾಮಗ್ರಿ ಎಂಬುದನ್ನು ಯಾವ ಲೆಕ್ಕಪುಸ್ತಕವೂ ಬರೆದುಕೊಳ್ಳುವುದಿಲ್ಲ.

ಉಂಡ ಮೇಲಿನ ಎಂಜಲೂ ಹಾಗೆಯೇ. ಲೋಹಕ್ಕೆ ಹೊಳಪು ಲೇಪಿಸುವ ಘಟಕಗಳಿಂದ ಸೋರಿದ ಕ್ರೋಮಿಯಂ ಪೀಣ್ಯದ ಅಂತರ್ಜಲದಲ್ಲಿ ಕಂಡುಬಂದಿದೆ. ಆ ಕಡೆಯ ಕೊಳೆನೀರು ವೃಷಭಾವತಿಗೆ ಇಳಿದು ಬೈರಮಂಗಲ ಕೆರೆಗೆ, ಅಲ್ಲಿಂದ ಮುಂದೆ ಅರ್ಕಾವತಿಯ ಮೂಲಕ ಕಾವೇರಿಗೇ ಸೇರುತ್ತದೆ. ಬೈರಮಂಗಲದ ಕೆಳಗಿನ ರೈತರು ಹೊಲಕ್ಕೆ ಹಾಯಿಸುವುದು ಆ ನೀರನ್ನೇ. ಪೂರ್ವದಲ್ಲಿ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿತು. 2017ರಲ್ಲಿಯೂ 2018ರಲ್ಲಿಯೂ ಕೆರೆಗೇ ಬೆಂಕಿ ಹತ್ತಿದ್ದನ್ನು ಟಿ.ವಿ.ಯಲ್ಲಿ ತಾವು ನೋಡಿದ್ದೀರಿ. ಅದರಲ್ಲಿ ಕಂಪನಿಗಳ ಪಾಲೆಷ್ಟು, ಮನೆಗಳ ಪಾಲೆಷ್ಟು ಎಂಬ ವಾದ ಇದೆ. ಅಲ್ಲಿ ಮನೆಗಳ ಕೊಳಚೆಯದೇ ದೊಡ್ಡ ಪಾಲು. ಆದರೆ ಚರಂಡಿಗಿಂತ ಮೊದಲೇ ಲಕ್ಷಾಂತರ ಜನರನ್ನು ಅಲ್ಲಿಗೆ ಕರೆದದ್ದು ಯಾವ ಊಟ ಎಂಬುದನ್ನೂ ಕೇಳಬೇಕಲ್ಲವೇ?

ಕಂಪನಿ ನಮ್ಮ ಬೆಟ್ಟಕ್ಕೂ ಬಂದಿತ್ತು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾಯಿತು. ಅದು ಸರ್ಕಾರದ್ದೇ ಕಂಪನಿ. ಗಣಿ ಭದ್ರೆಯ ಮಡಿಲಲ್ಲಿ, ಕೇಂದ್ರ ಕಚೇರಿ ಬೆಂಗಳೂರಿನ ಕೋರಮಂಗಲದಲ್ಲಿ. ಅದಿರಿನ ರಾಡಿ ಕೊಳವೆಯಲ್ಲಿ 67 ಕಿಲೋಮೀಟರ್ ಹರಿದು ಪಣಂಬೂರು ಸೇರುತ್ತಿತ್ತು. 2002ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿದ ಗಣಿತ್ಯಾಜ್ಯ ಮಾತ್ರ ಇಲ್ಲಿಯೇ ಉಳಿಯಿತು. ಕಂಪನಿಯ ಹೊಣೆಗೆ ಕೊನೆಯ ದಿನವಿದೆ. ಹೊಳೆಗೆ ಅಂಥ ದಿನ ಎಲ್ಲಿದೆ?

ಮತ್ತೆ ಪಂಕ್ತಿ ಹಾಕುವುದು

ಹಾಗಾದರೆ ಕಂಪನಿಗಳೇ ಬೇಡವೇ? ನಾನು ಹಾಗೆ ಹೇಳಲಾರೆ. ನನ್ನ ತಂಗಿಯ ಮದುವೆ ನಡೆದದ್ದು ಪೀಣ್ಯದ ಸಂಬಳದಿಂದ. ನೌಕರರಿಗೂ ಷೇರು ಕೊಟ್ಟು, ಅವರನ್ನೂ ಪಾಲುದಾರರನ್ನಾಗಿಸಿದ ಕಂಪನಿಗಳು ಎಲೆಕ್ಟ್ರಾನಿಕ್ ಸಿಟಿಯಲ್ಲಿ 1990ರ ದಶಕದಲ್ಲಿಯೇ ಇದ್ದವು. ನಾನು ಹೇಳುವುದು ಇಷ್ಟೇ: ಆ ಪದ ಕೊಟ್ಟ ಮಾತೊಂದಿದೆ. ಅದನ್ನು ನಡೆಸಿಕೊಡು ಎಂದು ಕೇಳುವ ಹಕ್ಕು ನಮಗಿದೆ.

ಕಾನೂನಿಗೂ ಆ ಮಾತು ಪೂರ್ತಿ ಮರೆತಿಲ್ಲ. 2013ರ ಕಂಪನಿ ಕಾಯ್ದೆಯ 166ನೆಯ ಸೆಕ್ಷನ್ನನ್ನು ವಿದ್ಯಾರ್ಥಿಗಳು ಓದಬೇಕು. ನಿರ್ದೇಶಕರು ಸದಸ್ಯರ ಹಿತಕ್ಕಷ್ಟೇ ದುಡಿದರೆ ಸಾಲದು. ಕಂಪನಿ, ಅದರ ನೌಕರರು, ಷೇರುದಾರರು, ಸಮುದಾಯ ಇವರ ಹಿತವನ್ನೂ ಪರಿಸರದ ರಕ್ಷಣೆಯನ್ನೂ ಗಮನದಲ್ಲಿಟ್ಟು ನಡೆಯಬೇಕು ಎಂದು ಅದು ವಿಧಿಸುತ್ತದೆ. ಅದೇ ಕಾಯ್ದೆಯ 135ನೆಯ ಸೆಕ್ಷನ್ ಪ್ರಕಾರ, ನಿಗದಿತ ಗಾತ್ರವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ವ್ಯಯಿಸಬೇಕು. ನಮ್ಮ ಶಾಲೆಗೆ ಬೆಂಚು ಬಂದಾಗ ಹಾರ ತುರಾಯಿಯಿಂದ ಸನ್ಮಾನ ಮಾಡುತ್ತೇವೆ. ಮಾಡಲಿ, ತಪ್ಪಿಲ್ಲ. ಆದರೆ ಅದು ಕಾನೂನು ವಿಧಿಸಿದ ಪಾಲು ಎಂಬುದು ಸನ್ಮಾನ ಮಾಡುವವರಿಗೆ ತಿಳಿದಿರಲಿ. ಕಂಪನಿ ಇರುವ ಸುತ್ತಮುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಅಲ್ಲಿ ಹೇಳಿದೆ. ಕಂಪನಿ ಕುಡಿಯುವ ನೀರು ಹುಟ್ಟುವ ಪ್ರದೇಶ ಆ ಸುತ್ತಮುತ್ತಲಿನೊಳಗೆ ಬರುತ್ತದೆಯೇ ಇಲ್ಲವೇ? ಈ ಪ್ರಶ್ನೆಯನ್ನು ನಮ್ಮ ಗ್ರಾಮಸಭೆಗಳು ಎತ್ತಬಹುದು.

ಒಡನುಣ್ಣುವ ವ್ಯಾಪಾರ ನಮಗೆ ಹೊಸದಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಕೃಷಿ ಸಹಕಾರ ಸಂಘ ಇದೆ. ಶಿರಸಿಯ ಅಡಿಕೆ ಬೆಳೆಗಾರರ ತೋಟಗಾರ್ಸ್ ಸೊಸೈಟಿ 1923ರದು. ಕ್ಯಾಂಪ್ಕೊ 1973ರದು. ಕಾಫಿ ಮಂಡಳಿಯು ಕಾಫಿ ಹೌಸುಗಳನ್ನು ಮುಚ್ಚಿದಾಗ 1957ರಲ್ಲಿ ಬೆಂಗಳೂರಿನ ಕೆಲಸಗಾರರೇ ಸಹಕಾರ ಸಂಘ ಮಾಡಿಕೊಂಡು ಅದನ್ನು ನಡೆಸಿದರು. ಲೋಟ ತೊಳೆದವರೇ ಒಡೆಯರಾದರು. 2003ರಿಂದ ಕಂಪನಿ ಕಾಯ್ದೆಯಲ್ಲಿಯೇ "ಉತ್ಪಾದಕರ ಕಂಪನಿ" ಎಂಬ ಹೊಸ ಬಗೆ ಬಂದಿದೆ. ಹತ್ತು ಜನ ರೈತರು ಕೂಡಿ ಅದನ್ನು ಕಟ್ಟಬಹುದು. ವ್ಯಕ್ತಿಗಳೇ ಸದಸ್ಯರಾದಲ್ಲಿ, ಯಾರ ಷೇರು ಎಷ್ಟಿದ್ದರೂ ಒಬ್ಬರಿಗೆ ಒಂದೇ ಮತ. ಹೆಸರಿಗೆ ಮಾತ್ರ ಇರುವ, ಸಬ್ಸಿಡಿಗಾಗಿ ಹುಟ್ಟಿದ ಇಂಥ ಕಂಪನಿಗಳೂ ಬೇಕಾದಷ್ಟಿವೆ. ಕಾಯ್ದೆ ಎಲೆ ಹಾಕಿಕೊಡಬಹುದು. ಬಡಿಸಿ ಉಣ್ಣುವುದನ್ನು ನಾವೇ ಕಲಿಯಬೇಕು.

ಬೇಡ ಎನ್ನಬೇಕಾದಲ್ಲಿ ಬೇಡ ಎಂದವರೂ ಇದ್ದಾರೆ. ಹಳ್ಳಿಗಳ ಗೋಮಾಳದಲ್ಲಿ ನೀಲಗಿರಿ ಬೆಳೆಸಲು ಸರ್ಕಾರವೂ ಖಾಸಗಿ ಕಾರ್ಖಾನೆಯೂ ಸೇರಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಲಿಮಿಟೆಡ್ ಕಂಪನಿಯನ್ನು ಮಾಡಿದಾಗ, 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ಹಣ್ಣಿನ, ಮೇವಿನ ಗಿಡ ನೆಟ್ಟರು. 1991ರಲ್ಲಿ ಆ ಕಂಪನಿಯನ್ನು ಮುಚ್ಚಲಾಯಿತು. ಬೆಂಗಳೂರಿನ ಅಂಚಿನಲ್ಲೇ, ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ಪಡೆಯುವ ಪ್ರಸ್ತಾಪದ ವಿರುದ್ಧ ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಕುಳಿತರು. ರಾಗಿ, ತರಕಾರಿ, ದ್ರಾಕ್ಷಿ, ಹಾಲು ಕೊಡುವ ಊರುಗಳವು. ಮೂರು ವರ್ಷಕ್ಕೂ ಮಿಕ್ಕಿ ಕುಳಿತರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಆ ಭೂಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಪ್ರಕಟಿಸಿದರು.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಹೆಚ್ಚಿನವರು ನಾಳೆ ಪೀಣ್ಯಕ್ಕೋ ವೈಟ್‌ಫೀಲ್ಡಿಗೋ ಹೋಗುವವರೇ. ಹೋಗಬೇಡಿ ಎಂದು ಹೇಳಲು ನಾನು ಬಂದಿಲ್ಲ. ಹೋಗುವಾಗ ನಾಲ್ಕು ಪ್ರಶ್ನೆಗಳನ್ನು ಬುತ್ತಿಯ ಜೊತೆ ಕಟ್ಟಿಕೊಂಡು ಹೋಗಿ. ಈ ಕಂಪನಿಯ ರೊಟ್ಟಿಯ ಹಿಟ್ಟು ಎಲ್ಲಿಂದ ಬಂತು? ತಟ್ಟಿದವರು ಯಾರು? ತಿನ್ನಲು ಕುಳಿತವರು ಯಾರು? ಎಂಜಲು ಹೋಗುವುದು ಎಲ್ಲಿಗೆ? ಯಾವ ಕಂಪನಿಯ ವಾರ್ಷಿಕ ವರದಿಯನ್ನಾದರೂ ನಿಗದಿತ ಶುಲ್ಕ ಕೊಟ್ಟು ಸರ್ಕಾರದ ಕಡತದಿಂದ ಯಾರು ಬೇಕಾದರೂ ನೋಡಬಹುದು. ನೋಡಿ. ಕ್ಯಾಂಟೀನಿನಲ್ಲಿ ಗುತ್ತಿಗೆಯ ಹುಡುಗ ಬೇರೆ ಹೊತ್ತಿನಲ್ಲಿ ಉಣ್ಣುತ್ತಿದ್ದರೆ ಒಂದು ದಿನ ಅವನ ಹೊತ್ತಿಗೆ ಹೋಗಿ ಅವನ ಪಕ್ಕ ಕುಳಿತುಕೊಳ್ಳಿ. ನಾನು ಹಾಗೆ ಮಾಡಲಿಲ್ಲ.

ಹಿರಿಯರೇ, ನಮ್ಮಲ್ಲಿ ನಾಟಿಗೆ ಮುಯ್ಯಾಳು ಕರೆಯುವ ಪದ್ಧತಿ ಇನ್ನೂ ಕೆಲವು ಮನೆಗಳಲ್ಲಿ ಉಳಿದಿದೆ. ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು; ಮಧ್ಯಾಹ್ನ ಎಲ್ಲರಿಗೂ ಒಂದೇ ಹಂಡೆಯ ಗಂಜಿ. ಲ್ಯಾಟಿನ್ ಬಲ್ಲ ಯಾರಾದರೂ ಆ ಗದ್ದೆಯಂಚಿಗೆ ಬಂದು ಇದಕ್ಕೇನೆನ್ನುತ್ತೀರಿ ಎಂದು ಕೇಳಿದರೆ, ಧೈರ್ಯವಾಗಿ ಹೇಳಿ: ಇದು ನಮ್ಮ ಕಂಪನಿ.

ಅಡುಗೆಮನೆಯಿಂದ ಕರೆ ಬಂದಿದೆ. ನಾನೂ ಮಾತು ಮುಗಿಸುತ್ತೇನೆ. ಎಲ್ಲರೂ ಒಟ್ಟಿಗೆ ಕುಳಿತು ಉಣ್ಣೋಣ. ಬಡಿಸುವವರಿಗೂ ಎಲೆ ಹಾಕಿಡಿ.